ನುಡಿಸೋಲ್ಲ ಎಂದ ಪಿಯಾನೋ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾಲೇಜಿನ ಹಿಂಬಾಗಿಲ ಮೆಟ್ಟಿಲ ಮೇಲೆ ಸ್ವೆಟರ್ ತೊಟ್ಟ ಹೆಂಗಸೊಬ್ಬರು ಕುಳಿತು ಬೆರಳುಗಳನ್ನು ಒಂದೊಂದಾಗಿ ಎಳೆದುಕೊಳ್ಳುತ್ತಿದ್ದಾರೆ. ಕಾವಲುಗಾರ ಆಕಳಿಸುತ್ತ ಬಂದು ಬೀಗ ತೆಗೆಯುತ್ತಾನೆ. "ನೀವು ಬಂದ ಮೇಲೇನೇ ನಂಗೆ ಬೆಳಗಾಗೋದು ಅಕ್ಕ," ಎನ್ನುತ್ತಾನೆ. ಅಕ್ಕ ನಕ್ಕು ಒಳಗೆ ಹೋಗುತ್ತಾರೆ.

ಒಳಗೆ ಉದ್ದನೆಯ ಅಭ್ಯಾಸದ ಕೋಣೆ. ಒಂದು ಗೋಡೆಯ ತುಂಬ ಕನ್ನಡಿ, ಮರದ ನೆಲ, ನಿನ್ನೆಯ ಬೆವರಿನ ವಾಸನೆ. ಮೂಲೆಯ ಕಂಬದ ಹಿಂದೆ ಕಂದು ಬಣ್ಣದ ಹಳೆಯ ಪಿಯಾನೋ. ಅದರ ಒಂದು ಕಾಲು ಗಿಡ್ಡ, ಕೆಳಗೆ ರಟ್ಟು ಮಡಿಸಿ ಇಟ್ಟಿದ್ದಾರೆ. ಅಕ್ಕ ಕೈಚೀಲದಿಂದ ಮೊದಲು ತೆಗೆಯುವುದು ಒಂದು ದಿಂಬು. ಕಾಲೇಜು ಕೊಟ್ಟಿರುವ ಸ್ಟೂಲಿಗೆ ಮೆತ್ತೆಯೂ ಇಲ್ಲ, ಬೆನ್ನೂ ಇಲ್ಲ. ಆಮೇಲೆ ಫ್ಲಾಸ್ಕಿನಿಂದ ಬಿಸಿನೀರನ್ನು ಮಗ್ಗಿಗೆ ಬಗ್ಗಿಸಿ, ಹತ್ತೂ ಬೆರಳು ಅದ್ದಿ ಕಣ್ಣು ಮುಚ್ಚುತ್ತಾರೆ. ಗೆಣ್ಣುಗಳು ಊದಿವೆ. ಚಳಿಯಲ್ಲಿ ಅವು ಮಾತು ಕೇಳುವುದಿಲ್ಲ.

"ಇವಕ್ಕೆ ಕಾಫಿ ಕುಡಿಸ್ತಾ ಇದೀನಿ ಅಂತ ಮಕ್ಕಳು ತಮಾಷೆ ಮಾಡ್ತಾರೆ," ಎನ್ನುತ್ತಾರೆ.

ಇದು ಸಂಗೀತ ರಂಗಭೂಮಿ ವಿಭಾಗ. ಹಾಡು, ಕುಣಿತ, ಅಭಿನಯ ಮೂರನ್ನೂ ಒಟ್ಟಿಗೆ ಕಲಿಸಿ, ಹಾಡುತ್ತ ಕುಣಿಯುತ್ತ ಕಥೆ ಹೇಳುವ ನಾಟಕಗಳಿಗೆ ನಟರನ್ನು ತಯಾರು ಮಾಡುವ ಜಾಗ. ಗೇಟಿನ ಬಳಿಯ ದೊಡ್ಡ ಫಲಕದಲ್ಲಿ ಹುಡುಗಿಯೊಬ್ಬಳು ಹಳದಿ ಬೆಳಕಿನಲ್ಲಿ ಕೈ ಚಾಚಿ ನಿಂತಿದ್ದಾಳೆ. ಕೆಳಗೆ 'ನಿಮ್ಮ ಕನಸಿಗೆ ವೇದಿಕೆ' ಎಂದು ಬರೆದಿದೆ. ಆ ಫಲಕ ನೋಡಿಕೊಂಡು ಒಳಬರುವ ಮಕ್ಕಳಿಗೆ ಮೊದಲು ಸಿಗುವುದು ವೇದಿಕೆಯಲ್ಲ, ಈ ಕೋಣೆಯ ನೆಲ. ಬೆಳಿಗ್ಗೆ ಮೈ ಬಿಸಿ ಮಾಡಿಕೊಳ್ಳುವ ವ್ಯಾಯಾಮ, ಅದರ ಬೆನ್ನಿಗೇ ಕುಣಿತ, ಆಮೇಲೆ ದನಿಯ ಸಾಧನೆ, ಊಟದ ಹೊತ್ತು ದಾಟಿದ ಮೇಲೆ ಅಭಿನಯ, ಸಂಜೆಗೆ ನಾಟಕದ ತಾಲೀಮು. ಒಂದೇ ಸಾಲನ್ನು ಇಡೀ ವಾರ ಹಾಡಬೇಕು. ಒಂದೇ ಹೆಜ್ಜೆಯನ್ನು ಕಾಲು ಬೊಬ್ಬೆ ಬರುವವರೆಗೆ ಇಡಬೇಕು. ವರ್ಷದ ಕೊನೆಗೆ ಪರೀಕ್ಷಕರ ಮುಂದೆ ನಿಂತಾಗ ಕೆಲವರಿಗೆ 'ನೀನು ಮುಂದಿನ ವರ್ಷ ಬರಬೇಡ' ಎನ್ನುತ್ತಾರೆ. ಮೊದಲ ವರ್ಷ ಈ ಕೋಣೆ ತುಂಬಿರುತ್ತದೆ, ಮೂರನೆಯ ವರ್ಷಕ್ಕೆ ಕನ್ನಡಿಯಲ್ಲಿ ಎದುರಿನ ಗೋಡೆ ಕಾಣಿಸತೊಡಗುತ್ತದೆ.

ಪಾಠ ಬದಲಾದಂತೆ ಮೇಷ್ಟರುಗಳು ಬದಲಾಗುತ್ತಾರೆ. ಪಿಯಾನೋ ಅಕ್ಕ ಬದಲಾಗುವುದಿಲ್ಲ. ಕುಣಿತಕ್ಕೂ ಅವರೇ ನುಡಿಸಬೇಕು, ಹಾಡಿಗೂ ಅವರೇ, ಹೋದ ವರ್ಷದವರೆಗೆ ಸಂಜೆಯ ತಾಲೀಮಿಗೂ ಅವರೇ. ಹುಡುಗ ತಪ್ಪಿದರೆ ಅದೇ ಸಾಲಿಗೆ ಮರಳಬೇಕು, ಹುಡುಗಿಯ ಉಸಿರು ಸಾಲದಿದ್ದರೆ ಅರೆಗಳಿಗೆ ಕಾಯಬೇಕು. ಹಾಗೆ ಕಾದದ್ದು ಪರೀಕ್ಷಕರಿಗೆ ಗೊತ್ತಾಗಬಾರದು. ಮಧ್ಯಾಹ್ನದ ಬಿಡುವಿನಲ್ಲೂ ಯಾರಾದರೂ ಒಬ್ಬರು ಬಂದು, "ಅಕ್ಕಾ, ಒಂದೇ ಒಂದ್ಸಲ" ಎಂದು ಗೋಗರೆಯುತ್ತಾರೆ. ಅಕ್ಕ ಎಡಗೈಯಲ್ಲಿ ತುತ್ತು ಹಿಡಿದು ಬಲಗೈಯಲ್ಲಿ ನುಡಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಷ್ಟಾದರೂ ಅವರ ಹೆಸರು ಎಲ್ಲಿದೆ ಎಂದು ಹುಡುಕಿದೆ. ವಿಭಾಗದ ಗೋಡೆಯ ಮೇಲೆ ಅಧ್ಯಾಪಕರ ಫೋಟೋಗಳಿವೆ, ಅಲ್ಲಿಲ್ಲ. ವಾರ್ಷಿಕ ನಾಟಕದ ದಿನ ಪ್ರೇಕ್ಷಕರ ಕೈಗೆ ಕೊಡುವ ಪುಸ್ತಿಕೆಯಲ್ಲಿ ದೀಪದವರಿದ್ದಾರೆ, ಬಣ್ಣದವರಿದ್ದಾರೆ, ಅತಿಥಿಗಳಿಗೆ ಹೂಗುಚ್ಛ ಒದಗಿಸಿದ ಅಂಗಡಿಗೂ ಧನ್ಯವಾದವಿದೆ. ಅಕ್ಕ ಇಲ್ಲ. ಕಚೇರಿಯಲ್ಲಿ ವಿಚಾರಿಸಿದರೆ ಗುಮಾಸ್ತರು ತಲೆ ಕೆರೆದುಕೊಂಡು, "ಅವರು ಸಿಬ್ಬಂದಿ ಅಲ್ಲ, ಗಂಟೆ ಲೆಕ್ಕದವರು. ಸ್ಪೀಕರ್ರು, ಲೈಟು ಬಾಡಿಗೆ ಇದೆಯಲ್ಲ, ಆ ಸಾಲಲ್ಲಿ ಬರ್ತಾರೆ," ಎಂದರು. ಹೇಳುವಾಗ ಅವರಿಗೆ ಮುಜುಗರವೂ ಆದಂತೆ ಕಾಣಲಿಲ್ಲ. ಇಂಥವರನ್ನು ಎಲೆಮರೆಯ ಕಾಯಿ ಎಂದು ಕರೆದು ಒಂದು ಲೇಖನ ಬರೆದು ಸುಮ್ಮನಾಗುವುದು ನಮ್ಮ ಪತ್ರಿಕೆಗಳ ರೂಢಿ. ಈ ಕಾಯಿ ತಾನಾಗಿ ಎಲೆಯ ಮರೆಗೆ ಹೋದದ್ದಲ್ಲ. ಎಲೆಗಳೇ ಮುಂದೆ ಬಂದು ಮುಚ್ಚಿಕೊಂಡಿವೆ.

ಅಕ್ಕನ ಅಮ್ಮ ಒಂದು ಕುಣಿತದ ಶಾಲೆಯಲ್ಲಿ ಕಸ ಗುಡಿಸುತ್ತಿದ್ದರು. ಮಗುವನ್ನು ಬಿಡಲು ಬೇರೆ ಜಾಗವಿರಲಿಲ್ಲ. ಪಿಯಾನೋದ ಕೆಳಗೆ ಬಟ್ಟೆ ಹಾಸಿ ಮಲಗಿಸುತ್ತಿದ್ದರು. ಅಲ್ಲಿ ನುಡಿಸುತ್ತಿದ್ದ ಅಜ್ಜಿಗೆ ಕಣ್ಣು ಮಂಜು. ಸ್ವರ ಬರೆದ ಪುಸ್ತಕದ ಪುಟ ತಿರುವಲು ಹುಡುಗಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡರು. "ನಂಗೆ ಆ ಚುಕ್ಕೆಗಳು ಓದಕ್ಕೆ ಬರ್ತಿರ್ಲಿಲ್ಲ. ಅಜ್ಜಿ ಮೂಗಿನ ಮೇಲೆ ಕನ್ನಡಕ ಜಾರಿತು ಅಂದ್ರೆ ಪುಟ ಮುಗೀತು ಅಂತ ತಿರುಗಿಸ್ತಿದ್ದೆ," ಎಂದು ಅಕ್ಕ ನಗುತ್ತಾರೆ. ಅಜ್ಜಿಯೇ ಮುಂದೆ ಗುರುವಾದರು. ಬೈಗುಳ ಧಾರಾಳ, ಶುಲ್ಕ ಮಾತ್ರ ಕೇಳಲಿಲ್ಲ. ಅವರು ತೀರಿಕೊಂಡ ಮೇಲೆ ಆ ಶಾಲೆಯಲ್ಲಿ, ಹೋಟೆಲಿನ ಅಂಗಳದಲ್ಲಿ, ಮದುವೆ ಮಂಟಪಗಳಲ್ಲಿ ನುಡಿಸಿ ಅಕ್ಕ ಮನೆ ನಡೆಸಿದರು. ಈ ಕಾಲೇಜಿಗೆ ಬಂದದ್ದು ಯಾರೋ ರಜೆ ಹಾಕಿದ್ದಾರೆಂದು, ಒಂದು ವಾರದ ಮಟ್ಟಿಗೆ. ಆಗ ಮಗಳು ಇನ್ನೂ ಶಾಲೆಗೆ ಸೇರಿರಲಿಲ್ಲ. ಈಗ ಆ ಮಗಳಿಗೇ ಮಗುವಾಗಿದೆ.

ಅಕ್ಕನ ಗಂಡ ನಿವೃತ್ತ ಬಸ್ ಚಾಲಕ. ಹೆಂಡತಿಗೆ ಫ್ಲಾಸ್ಕು ತುಂಬಿಸಿಕೊಡುವುದು ಅವರ ಬೆಳಗಿನ ಕೆಲಸ. "ನಮ್ಮನೇಲಿ ಇಬ್ರೂ ಡ್ರೈವರ್ರೇ," ಎನ್ನುತ್ತಾರೆ. "ನನ್ನ ಬಸ್ಸಲ್ಲಿ ಜನ ಟಿಕೆಟ್ ತಗೊಂಡು ಇಳೀತಿದ್ರು, ಇವಳ ಬಸ್ಸಲ್ಲಿ ಡಿಗ್ರಿ ತಗೊಂಡು ಇಳೀತಾರೆ. ಇಳಿಯೋವಾಗ ಹಿಂದೆ ತಿರುಗಿ ನೋಡೋರು ಅಲ್ಲೂ ಇಲ್ಲ, ಇಲ್ಲೂ ಇಲ್ಲ." ಅಕ್ಕ ಅವರನ್ನು ಕಣ್ಣಲ್ಲೇ ಗದರಿಸುತ್ತಾರೆ.

ನಾನು ಅಕ್ಕನ ಮನೆ ಹುಡುಕಿಕೊಂಡು ಬಂದದ್ದು ಹೋದ ವರ್ಷ ನಡೆದ ಒಂದು ಸಂಗತಿಗಾಗಿ. ಆ ಸಂಗತಿಯ ಬಗ್ಗೆ ಕಾಲೇಜಿನಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ.

ಕೊನೆಯ ವರ್ಷದ ಹುಡುಗಿ ಒಬ್ಬಳಿದ್ದಳು. ಅಪ್ಪ ದರ್ಜಿ. ಗೇಟಿನ ಫಲಕದಲ್ಲಿ ಹಳದಿ ಬೆಳಕಿನಲ್ಲಿ ನಿಂತಿರುವವಳು ಅವಳೇ. ವಾರ್ಷಿಕ ನಾಟಕದ ಮುಖ್ಯ ಪಾತ್ರ ಅವಳಿಗೆ ಸಿಕ್ಕಿತ್ತು. ನಾಟಕ ಆಡಿಸುತ್ತಿದ್ದವರು ವಿಭಾಗದ ಮುಖ್ಯಸ್ಥರು. ತಾಲೀಮಿನಲ್ಲಿ ಗಂಟಲು ಉಳಿಸಿಕೊಳ್ಳಲೆಂದು ನಟರು ಮೆಲುದನಿಯಲ್ಲಿ ಗುನುಗುವುದು ಎಲ್ಲ ಕಡೆ ಇರುವ ಪದ್ಧತಿ. ಇವರ ತಾಲೀಮಿನಲ್ಲಿ ಅದಕ್ಕೆ ಅವಕಾಶವಿಲ್ಲ. ದಿನವೂ ಪೂರ್ತಿ ದನಿ, ಪೂರ್ತಿ ಶಕ್ತಿ. ಮೂರನೆಯ ವಾರಕ್ಕೆ ಹುಡುಗಿಯ ಮಾತು ಗೊಗ್ಗರಾಯಿತು. ಅಪ್ಪ ಅಂಗಡಿ ಮುಚ್ಚಿ ಗಂಟಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ದನಿ ಹೊರಡುವ ಜಾಗ ಊದಿಕೊಂಡಿದೆ, ಕೆಲವು ವಾರ ಹಾಡುವುದು ಹಾಗಿರಲಿ, ಮಾತೂ ಆಡಬಾರದು, ಹಟ ಹಿಡಿದರೆ ರಕ್ತ ಒಸರಿ ದನಿಯೇ ಹೋಗಬಹುದು ಎಂದು ಡಾಕ್ಟರು ಬಿಡಿಸಿ ಹೇಳಿದರು.

ಹುಡುಗಿ ಇದನ್ನು ಮುಖ್ಯಸ್ಥರಿಗೆ ಹೇಳಿದ್ದು ಎಲ್ಲರೂ ಸೇರಿದ್ದ ತಾಲೀಮಿನಲ್ಲಿ, ಪಿಸುದನಿಯಲ್ಲಿ. ಅವರು ಉತ್ತರ ಕೊಟ್ಟದ್ದು ಮಾತ್ರ ಎಲ್ಲರಿಗೂ ಕೇಳುವ ಹಾಗೆ.

"ಹೊರಗಡೆ ನಾಟಕ ಕಂಪನಿಗಳಲ್ಲಿ ನಿನ್ನ ಹಿಂದೆ ಹತ್ತು ಜನ ಹುಡುಗೀರು ಸಾಲಾಗಿ ನಿಂತಿರ್ತಾರೆ. ಅಲ್ಲಿ ಹೋಗಿ ಗಂಟಲು ನೋವು ಅಂತೀಯಾ? ನಿಂಗೆ ಆಗಲ್ಲ ಅಂದ್ರೆ ಈಗ್ಲೇ ಹೇಳು, ಪಾತ್ರ ಬೇರೆಯವರಿಗೆ ಕೊಡ್ತೀನಿ."

ಇಪ್ಪತ್ತರ ಹುಡುಗಿ, ಮೂರು ವರ್ಷ ಕಾದು ಪಡೆದ ಪಾತ್ರ. ಅವಳು ಹೋಗಿ ಮಧ್ಯದಲ್ಲಿ ನಿಂತಳು. ಅಕ್ಕ ಹಾಡಿನ ಆರಂಭದ ಸಂಗೀತ ನುಡಿಸಿದರು. ಎರಡು ಸಾಲು ಹೇಗೋ ನಡೆಯಿತು, ಮೇಲಿನ ಸ್ವರಕ್ಕೆ ಹೋದಾಗ ದನಿ ಸೀಳಿ ಬರೀ ಗಾಳಿ ಬಂತು. "ಮತ್ತೆ," ಎಂದರು ಮುಖ್ಯಸ್ಥರು. ಅಕ್ಕ ಮತ್ತೆ ನುಡಿಸಿದರು. ಮತ್ತೆ ಹಾಗೇ ಆಯಿತು. ಹುಡುಗಿ ಕುತ್ತಿಗೆ ಹಿಡಿದುಕೊಂಡಳು. "ಮೊದಲಿಂದ," ಎಂದರು ಅವರು.

ಪಿಯಾನೋ ಸುಮ್ಮನಿತ್ತು.

"ಯಾಕೆ ನಿಲ್ಲಿಸಿದ್ರಿ?"

"ಡಾಕ್ಟ್ರು ಬೇಡ ಅಂದಿದಾರಂತಲ್ಲ ಸರ್."

"ಅದನ್ನ ನಾನು ನೋಡ್ಕೋತೀನಿ. ನೀವು ನುಡಿಸಿ."

"ಇಲ್ಲ ಸರ್. ನಾನು ನುಡಿಸೋಲ್ಲ."

"ನಿಮ್ಮ ಕೆಲಸಾನೇ ನುಡಿಸೋದು."

"ಹೌದು ಸರ್. ಅದಕ್ಕೇ ಹೇಳ್ತಿರೋದು. ನಾನು ನುಡಿಸಿದ್ರೆ ಅವಳು ಹಾಡ್ತಾಳೆ."

ಅಕ್ಕ ಪಿಯಾನೋದ ಮುಚ್ಚಳ ಮುಚ್ಚಿದರು. ಜೋರಾಗಿ ಬಡಿದರು ಎಂದು ಆಮೇಲೆ ಯಾರೋ ಕಥೆ ಕಟ್ಟಿದ್ದಾರೆ. ಅಲ್ಲಿದ್ದ ಮೂವರು ವಿದ್ಯಾರ್ಥಿಗಳನ್ನು ಬೇರೆಬೇರೆಯಾಗಿ ಕೇಳಿದ್ದೇನೆ. ಎಂದಿನ ಹಾಗೆ ಎರಡೂ ಕೈಯಿಂದ ಮೆಲ್ಲಗೆ ಮುಚ್ಚಿದರಂತೆ. ಮುಖ್ಯಸ್ಥರು ಸ್ಪೀಕರ್ ತರಿಸಿದರು. ಮೊದಲೇ ಮುದ್ರಿಸಿಟ್ಟ ಸಂಗೀತ ಹಾಕಿಸಿದರು. ಅಕ್ಕನ ಕಡೆ ತಿರುಗಿ, "ನೀವು ನಾಳೆಯಿಂದ ಬರೋ ಅಗತ್ಯ ಇಲ್ಲ," ಎಂದರು. ಅಷ್ಟು ವರ್ಷಗಳ ಕೆಲಸ ಮುಗಿಯಲು ಬೇಕಾದದ್ದು ಅಷ್ಟೇ ಮಾತು.

"ದಿಂಬು ಎತ್ಕೊಂಡು ಬಂದ್ಬಿಟ್ಟೆ," ಎನ್ನುತ್ತಾರೆ ಅಕ್ಕ. "ಬಸ್ ಸ್ಟಾಪಲ್ಲಿ ಕೂತೆ. ನಮ್ಮ ಬಸ್ ಬಂತು, ಹೋಯ್ತು. ಇನ್ನೊಂದು ಬಂತು, ಅದೂ ಹೋಯ್ತು. ಧೈರ್ಯವಂತೆ ಅಂತ ನೀವು ಬರೀಬೇಡಿ. ಏಳಕ್ಕೇ ಆಗ್ಲಿಲ್ಲ. ನಾನು ಎದ್ದು ಬಂದೆ, ಆ ಮಗೂನ ಅಲ್ಲೇ ಬಿಟ್ಟು ಬಂದ್ನಲ್ಲ ಅನ್ನೋದೇ ತಲೇಲಿ."

ಹುಡುಗಿ ಸ್ಪೀಕರಿನ ಜೊತೆ ಹಾಡಿದಳು. ಮಾತ್ರೆ ನುಂಗಿ, ಹಲ್ಲು ಕಚ್ಚಿ, ಮೊದಲ ದಿನದ ಪ್ರದರ್ಶನ ದಾಟಿಸಿದಳು. ಎರಡನೆಯ ದಿನ ಮುಖ್ಯ ಹಾಡಿನ ನಡುವೆ ದನಿ ಪೂರ್ತಿ ಕಟ್ಟಿತು. ಪಿಯಾನೋದ ಮುಂದೆ ಮನುಷ್ಯರಿದ್ದಿದ್ದರೆ ಅವರೂ ನಿಲ್ಲುತ್ತಿದ್ದರು, ಏನೋ ಒಂದು ಮಾಡಿ ಮುಚ್ಚಿಕೊಳ್ಳುತ್ತಿದ್ದರು. ಯಂತ್ರ ತನ್ನ ಪಾಡಿಗೆ ನುಡಿಯುತ್ತಲೇ ಹೋಯಿತು. ಹುಡುಗಿ ಬಾಯಿ ತೆರೆದುಕೊಂಡು, ಕೈ ಚಾಚಿಕೊಂಡು, ಸದ್ದಿಲ್ಲದೆ ಬೆಳಕಿನಲ್ಲಿ ನಿಂತಿದ್ದಳು. ಪ್ರೇಕ್ಷಕರು ಅದನ್ನೂ ಅಭಿನಯ ಅಂದುಕೊಂಡರು. ಚಪ್ಪಾಳೆ ತಟ್ಟಿದರು.



ಮೂರನೆಯ ದಿನ ಪಾತ್ರವನ್ನು ಬೇರೆ ಹುಡುಗಿ ಮಾಡಿದಳು. ದರ್ಜಿಯ ಮಗಳಿಗೆ ಶಸ್ತ್ರಚಿಕಿತ್ಸೆ ಆಯಿತು. ತಿಂಗಳುಗಟ್ಟಲೆ ಮಾತು ಬಂದ್. ಅವರ ಅಂಗಡಿ ಮನೆಯ ಮುಂಭಾಗದಲ್ಲೇ ಇದೆ. ಅಪ್ಪ ಹೊಲಿಗೆ ಯಂತ್ರದ ಮೇಲಿಂದ ಕಣ್ಣೆತ್ತದೆ ನನ್ನ ಜೊತೆ ಮಾತಾಡಿದರು. "ಅವಳು ಸ್ಲೇಟಿನ ಮೇಲೆ ಬರೀತಿದ್ಲು. ನಂಗೆ ಓದಕ್ಕೆ ಬರಲ್ಲ. ಅವರಮ್ಮ ಅಡುಗೆಮನೆಯಿಂದ ಬಂದು ಓದಿ ಹೇಳ್ಬೇಕು. ಒಂದೊಂದ್ಸಲ ಅವಳು ಬರೆದಿದ್ದನ್ನ ಅವರಮ್ಮ ನಂಗೆ ಓದಿ ಹೇಳದೇನೇ ಒರೆಸಿಬಿಡ್ತಿದ್ಲು. ಏನು ಬರೆದಿದ್ಲು ಅಂತ ನಾನೂ ಕೇಳ್ಲಿಲ್ಲ."

ಕಾಲೇಜು ಏನು ಮಾಡಿತು ಎಂದು ಕೇಳುತ್ತೀರಾ? ಹಾಡಿನ ಅಂತಿಮ ಪರೀಕ್ಷೆಗೆ ಬರಲಿಲ್ಲವೆಂದು ಅವಳನ್ನು ಗೈರುಹಾಜರು ಎಂದು ದಾಖಲಿಸಿ ಅನುತ್ತೀರ್ಣ ಮಾಡಿತು. ಹಾಡಲಾಗದಂತೆ ಮಾಡಿದ್ದೂ ಅವರೇ, ಹಾಡಲಿಲ್ಲವೆಂದು ದಂಡಿಸಿದ್ದೂ ಅವರೇ. ಗೇಟಿನ ಬಳಿಯ ಫಲಕವನ್ನು ಮಾತ್ರ ತೆಗೆಯಲಿಲ್ಲ. ಈ ವರ್ಷದ ಪ್ರವೇಶಕ್ಕೆ ಅದನ್ನೇ ಒರೆಸಿ ಮತ್ತೆ ಕಟ್ಟಿದ್ದಾರೆ. ಮುಖ್ಯಸ್ಥರನ್ನು ಕಂಡು ಕೇಳಿದೆ. ಚಹಾ ತರಿಸಿದರು. "ಅದೊಂದು ತಪ್ಪು ತಿಳಿವಳಿಕೆ. ನಾವು ಮಕ್ಕಳನ್ನು ವೃತ್ತಿಯ ಒತ್ತಡಕ್ಕೆ ಸಜ್ಜುಗೊಳಿಸುತ್ತೇವೆ," ಎಂದರು. ವೃತ್ತಿಗೆ ಸಜ್ಜು ಮಾಡುವ ಜಾಗದಲ್ಲಿ ವೃತ್ತಿಗೆ ಬೇಕಾದ ಗಂಟಲನ್ನೇ ತೆಗೆದುಬಿಟ್ಟರೆ ಅದಕ್ಕೆ ಯಾವ ತಿಳಿವಳಿಕೆ ಎನ್ನಬೇಕು ಎಂದು ಕೇಳಿದೆ. ಅವರಿಗೆ ಇನ್ನೊಂದು ಸಭೆಯಿತ್ತು.

ಅಕ್ಕ ಮನೆಯಲ್ಲಿ ಕುಳಿತ ತಿಂಗಳುಗಳಲ್ಲಿ ಕುಣಿತದ ತರಗತಿಗೂ ಯಂತ್ರವೇ ಬಂತು. ಕುಣಿತದ ಮೇಷ್ಟರು ಹಿಂದೆ ವೇದಿಕೆಯ ಮೇಲೆ ಬಿದ್ದು ಮಂಡಿ ಕೆಡಿಸಿಕೊಂಡವರು, ಈಗಲೂ ಕುಂಟುತ್ತಾರೆ. ಅವರ ತರಗತಿಯಲ್ಲಿ ಎರಡನೆಯ ವರ್ಷದವನೊಬ್ಬ ನೆಗೆತದಲ್ಲಿ ತಾಳ ತಪ್ಪಿದ. ಸಂಗೀತ ಅವನಿಗಾಗಿ ಕಾಯಲಿಲ್ಲ, ಅದನ್ನು ಹಿಡಿಯಲು ಹೋಗಿ ಪಾದ ಉಳುಕಿಸಿಕೊಂಡ. ಮಾರನೆಯ ದಿನ ಸಂಗೀತ ಶುರುವಾದಾಗ ಮಕ್ಕಳು ಯಾರೂ ಏಳಲಿಲ್ಲ. ಕನ್ನಡಿಗೆ ಬೆನ್ನು ಹಾಕಿ ನೆಲದ ಮೇಲೆ ಕುಳಿತರು. "ನಾವು ಗಲಾಟೆ ಮಾಡ್ಲಿಲ್ಲ," ಎನ್ನುತ್ತಾಳೆ ಅವರಲ್ಲೊಬ್ಬಳು. "ಸುಮ್ನೆ ಕೂತ್ವಿ. ಅಕ್ಕ ಬರೋ ತನಕ ಕೂತಿರ್ತೀವಿ ಅಂದ್ವಿ." ಮೇಷ್ಟರು ಗದರಿಸಲಿಲ್ಲ. ಒಂದು ಕುರ್ಚಿ ಎಳೆದುಕೊಂಡು ಅವರೂ ಕುಳಿತರು. ಆ ವಾರವೆಲ್ಲ ಅಭ್ಯಾಸದ ಕೋಣೆಯಲ್ಲಿ ಯಂತ್ರ ಒಂದೇ ಹಾಡುತ್ತಿತ್ತು.

ಕೊನೆಗೆ ಪ್ರಿನ್ಸಿಪಾಲರು ಒಪ್ಪಿದರು. ಒಪ್ಪಿದ್ದು ಹೇಗೆಂದರೆ, ಗುಮಾಸ್ತರಿಂದ ಫೋನು ಮಾಡಿಸಿದರು. "ನಾಳೆಯಿಂದ ಬನ್ನಿ," ಅಷ್ಟೇ. ತಪ್ಪಾಯಿತು ಎಂಬ ಮಾತಿಲ್ಲ. ಅಕ್ಕ ರಜೆಯ ಮೇಲೆ ಊರಿಗೆ ಹೋಗಿದ್ದರೇನೋ ಎಂಬಂತೆ.

"ಬರ್ತೀನಿ," ಎಂದರಂತೆ ಅಕ್ಕ. "ಆದ್ರೆ ಡಾಕ್ಟ್ರು ಬೇಡ ಅಂದ ಮಗುವಿಗೆ ನಾನು ನುಡಿಸೋಲ್ಲ. ಆಮೇಲೆ ಗೊತ್ತಿರ್ಲಿಲ್ಲ ಅನ್ಬೇಡಿ."

"ಅದನ್ನೆಲ್ಲ ಪ್ರಿನ್ಸಿಪಾಲ್ರಿಗೆ ಹೇಳಿ ಅಮ್ಮ."

ಹೇಳಿದರು. ಅದರ ಜೊತೆಗೆ ಇನ್ನೊಂದು ಮಾತೂ ಹೇಳಿದರು, ಆ ಹುಡುಗಿಗೆ ಮತ್ತೆ ಪರೀಕ್ಷೆ ಮಾಡಬೇಕೆಂದು. ಪ್ರಿನ್ಸಿಪಾಲರು ನಿಯಮಗಳ ಮಾತೆತ್ತಿದರು. ಅಕ್ಕ ಹೊರಗೆ ಬಂದು ಅವರ ಬಾಗಿಲ ಎದುರಿನ ಬೆಂಚಿನ ಮೇಲೆ ಕುಳಿತರು. ಸ್ವಲ್ಪ ಹೊತ್ತಿಗೆ ಕುಣಿತದ ಮೇಷ್ಟರು ಕುಂಟುತ್ತ ಬಂದು ಪಕ್ಕದಲ್ಲಿ ಕುಳಿತರು. ಸುದ್ದಿ ತಿಳಿದ ದರ್ಜಿ ಅಳತೆಯ ಟೇಪು ಕೊರಳಲ್ಲೇ ಇರುವಂತೆ ಓಡಿಬಂದರು. ಹೋಗುವವರು ಬರುವವರು ಏನು ವಿಷಯವೆಂದು ಕೇಳಿದಾಗಲೆಲ್ಲ ದರ್ಜಿ ಮೊದಲಿಂದ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಕೇಳದವರು ಯಾರೂ ಉಳಿದಿರಲಿಲ್ಲ. ಊಟಕ್ಕೆ ಹೊರಟ ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು, ಹುಡುಗಿಗೆ ಈ ವರ್ಷ ಹಾಡಿನ ಪರೀಕ್ಷೆಗೆ ಮತ್ತೆ ಕೂರಲು ಅವಕಾಶ ಕೊಡುವುದಾಗಿ ಹೇಳಿದರು.

ಹಾಗೆಂದು ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಮುಖ್ಯಸ್ಥರು ಅದೇ ಕುರ್ಚಿಯಲ್ಲಿದ್ದಾರೆ. ಸಂಜೆಯ ತಾಲೀಮುಗಳಿಂದ ಅಕ್ಕನನ್ನು ಕೈಬಿಟ್ಟಿದ್ದಾರೆ, ಅಲ್ಲಿ ಈಗಲೂ ಯಂತ್ರವೇ. ಅಷ್ಟರಮಟ್ಟಿಗೆ ಅಕ್ಕನ ಸಂಪಾದನೆಗೂ ಕತ್ತರಿ. "ಅವರ ನಾಟಕ, ಅವರಿಷ್ಟ," ಎನ್ನುತ್ತಾರೆ ಅಕ್ಕ. ಇಷ್ಟೇ ಹೇಳಿ ಸುಮ್ಮನಾಗುವ ಅವರ ತಾಳ್ಮೆ ನನಗಿಲ್ಲ. ಒಬ್ಬ ಮನುಷ್ಯ ಒಂದು ಮಗುವಿನ ಗಂಟಲು ಕೆಡಿಸಿ ಕುರ್ಚಿ ಉಳಿಸಿಕೊಳ್ಳುತ್ತಾನೆ, ಅದನ್ನು ತಡೆಯಲು ಹೋದವರು ಕೆಲಸದ ಅರ್ಧ ಭಾಗ ಕಳೆದುಕೊಳ್ಳುತ್ತಾರೆ. ಇದನ್ನು ಶಿಸ್ತು ಎಂದು ಕರೆಯುವವರ ಮಕ್ಕಳು ಆ ಕೋಣೆಯಲ್ಲಿ ಕಲಿಯುತ್ತಿಲ್ಲ.

ಭಾನುವಾರಗಳಂದು ದರ್ಜಿಯ ಮಗಳು ಅಕ್ಕನ ಮನೆಗೆ ಬರುತ್ತಾಳೆ. ಕುಣಿತದ ಶಾಲೆಯ ಅಜ್ಜಿ ಬಿಟ್ಟುಹೋದ ಪುಟ್ಟ ಪಿಯಾನೋ ಆ ಮನೆಯ ಊಟದ ಮೇಜಿಗೆ ಒತ್ತಿಕೊಂಡೇ ಇದೆ. ಹುಡುಗಿ ಈಗ ಮಾತಾಡುತ್ತಾಳೆ, ತಗ್ಗಿದ, ತುಸು ಒರಟಾದ ದನಿಯಲ್ಲಿ. "ಮೊದಲಿನ ದನಿ ಬರಲ್ಲ ಅಂತ ಡಾಕ್ಟ್ರು ಹೇಳಿದಾರೆ," ಎಂದಳು ನನಗೆ. "ಅಳೋದು ಮುಗೀತು. ಈ ದನೀಲಿ ಹಾಡೋ ಪಾತ್ರಗಳೂ ಇರ್ತಾವಂತೆ. ಅಕ್ಕ ಹುಡುಕ್ತಿದಾರೆ." ಅಕ್ಕ ಅವಳ ಹಾಡಿನ ಶ್ರುತಿಯನ್ನು ನಾಲ್ಕು ಮೆಟ್ಟಿಲು ಕೆಳಗಿಳಿಸಿ ನುಡಿಸಿದರು. ಅವಳು ಕಾಲು ಗಂಟೆ ಹಾಡಿದಳು, ಅದಕ್ಕಿಂತ ಹೆಚ್ಚಿಗೆ ಅಕ್ಕ ಬಿಡುವುದಿಲ್ಲ. ಆಮೇಲೆ ಅಕ್ಕನ ಗಂಡ ಹೇಳಿದ ಯಾವುದೋ ಹಳೆಯ ಬಸ್ಸಿನ ಕಥೆಗೆ ಅವಳು ಜೋರಾಗಿ ನಕ್ಕಳು. ನಕ್ಕ ಮೇಲೆ ಗಾಬರಿಯಾಗಿ ಕುತ್ತಿಗೆ ಮುಟ್ಟಿ ನೋಡಿಕೊಂಡಳು. "ನಗು ಪರವಾಗಿಲ್ಲ," ಎಂದರು ಅಕ್ಕ.

ಹೊಸದಾಗಿ ಸೇರುವ ಮಕ್ಕಳು ಮುಂದಿನ ತಿಂಗಳು ಬರುತ್ತಾರೆ. ಮೊದಲ ದಿನ ತಂದೆತಾಯಿಯರನ್ನೂ ಸಭಾಂಗಣದಲ್ಲಿ ಕೂರಿಸಿ, ಇಲ್ಲಿ ಏನು ಕಲಿಸುತ್ತೇವೆ, ಏನನ್ನು ನಿರೀಕ್ಷಿಸಬೇಕು ಎಂದು ಪ್ರಿನ್ಸಿಪಾಲರು, ಮುಖ್ಯಸ್ಥರು, ಹೆಸರು ಮಾಡಿದ ಹಳೆಯ ವಿದ್ಯಾರ್ಥಿಗಳು ಭಾಷಣ ಮಾಡುತ್ತಾರೆ. ಭಾಷಣಗಳ ನಡುವೆ ಸ್ವಾಗತದ ಹಾಡಿಗೆ ಅಕ್ಕ ನುಡಿಸುತ್ತಾರೆ. ಮೈಕು ಅವರ ತನಕ ಬರುವುದಿಲ್ಲ.

ನಿಮಗೇನು ಆಸೆ ಎಂದು ಕೇಳಿದೆ. ಪುಸ್ತಿಕೆಯಲ್ಲಿ ಹೆಸರು, ಬೆನ್ನಿರುವ ಕುರ್ಚಿ, ಕಾಯಂ ಕೆಲಸ, ಇಂಥದ್ದೇನಾದರೂ ಹೇಳುತ್ತಾರೆ ಎಂದುಕೊಂಡಿದ್ದೆ. ಅಕ್ಕ ಬೆರಳುಗಳನ್ನು ಮಡಿಲಲ್ಲಿ ಇಟ್ಟುಕೊಂಡರು.

"ಆ ದಿನ ನಂಗೂ ಐದು ನಿಮಿಷ ಮೈಕ್ ಕೊಟ್ರೆ ಸಾಕು."

"ಏನು ಹೇಳ್ತೀರಿ?"

"ಭಾಷಣ ಏನಿಲ್ಲ. ಮಕ್ಕಳೇ, ಕಾಲು ನೋಯುತ್ತೆ, ಹೊಟ್ಟೆ ಹಸಿಯುತ್ತೆ, ಪಕ್ಕದವರಿಗೆ ಪಾತ್ರ ಸಿಕ್ಕಿದಾಗ ಹೊಟ್ಟೆಕಿಚ್ಚೂ ಆಗುತ್ತೆ, ಅದೆಲ್ಲ ಇದ್ದಿದ್ದೇ, ತಡ್ಕೊಳ್ಳಿ ಅಂತೀನಿ. ಆದ್ರೆ ಗಂಟಲು ನೋವಾದ್ರೆ ತಡ್ಕೋಬೇಡಿ. ದೊಡ್ಡೋರಿಗೆ ಹೇಳಕ್ಕೆ ಹೆದರಿಕೆ ಆದ್ರೆ ಬೇಡ, ಬಾಯಲ್ಲೂ ಹೇಳ್ಬೇಡಿ. ಹಾಡು ಶುರುವಾಗೋ ಮುಂಚೆ ಕಂಬದ ಹಿಂದೆ ನನ್ನ ಕಡೆ ಒಂದ್ಸಲ ತಿರುಗಿ ನೋಡಿ. ನಾನು ಪಿಯಾನೋದಿಂದ ಕೈ ಎತ್ತಿಬಿಡ್ತೀನಿ."